ಹಲ್ಲಿನ ಲ್ಯಾಬಿನಲ್ಲಿ ಹುಟ್ಟಿದ ಹೆಲಿಕಾಪ್ಟರ್

ನಾನೊಂದು ದಾಳಿ ಹೆಲಿಕಾಪ್ಟರ್. ಹಾಗೆಂದ ಕೂಡಲೇ ನೀವು ತಲೆಯೆತ್ತಿ ಆಕಾಶ ನೋಡುವುದು ಬೇಡ. ನಾನು ಒಂದು ಮೊಳಕ್ಕಿಂತ ತುಸು ಚಿಕ್ಕವನು. ಮೇಜಿನ ಮೇಲೆ ನಿಲ್ಲುವವನು. ಹುಟ್ಟಿದಾಗಿನಿಂದ ಒಂದು ಸಲವೂ ಹಾರಿಲ್ಲ. ಬಿದ್ದದ್ದು ಮಾತ್ರ ಉಂಟು, ಅದೂ ಒಬ್ಬ ಮನುಷ್ಯನ ಕೈಯೊಳಗೆ.

ನನ್ನನ್ನು ಮಾಡಿದ್ದು ಹುಬ್ಬಳ್ಳಿಯ ಒಂದು ಹಲ್ಲಿನ ಲ್ಯಾಬಿನಲ್ಲಿ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಹೊಂದುವ ಹಲ್ಲಿನ ಸೆಟ್ಟು ಮಾಡಿಕೊಡುವ ಜಾಗ ಅದು. ಯಜಮಾನರು ಮೌನೇಶಪ್ಪ ಪತ್ತಾರ. ಅವರ ಅಪ್ಪ, ಅಜ್ಜ ಬಂಗಾರದ ಕೆಲಸ ಮಾಡಿದವರು. ಇವರ ಕಾಲಕ್ಕೆ ದೊಡ್ಡ ದೊಡ್ಡ ಅಂಗಡಿಗಳು ಬಂದು ಕೈಕೆಲಸದ ಒಡವೆಗೆ ಗಿರಾಕಿ ಇಲ್ಲದಂತಾದಾಗ, ಅದೇ ಚಿಮಟ, ಅದೇ ಅರ ಹಿಡಿದು ಹಲ್ಲಿಗೆ ತಿರುಗಿಕೊಂಡರು. ಮೂಗಿನ ತುದಿಗೆ ಕನ್ನಡಕ ಇಳಿಸಿ ಕೂತರೆ ಪಕ್ಕದಲ್ಲಿ ಚಹಾ ಆರಿದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಅವರ ಒಬ್ಬನೇ ಮಗ ನಾಗಲಿಂಗ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ. ಉತ್ತರದ ಒಂದು ನೆಲೆಯಲ್ಲಿ ದಾಳಿ ಹೆಲಿಕಾಪ್ಟರುಗಳ ದಳದಲ್ಲಿದ್ದ. ಅದರಲ್ಲಿ ಇಬ್ಬರೇ ಕೂರುವುದು, ಒಬ್ಬರ ಹಿಂದೆ ಒಬ್ಬರು. ಹಿಂದಿನ ಎತ್ತರದ ಸೀಟಿನವನು ಹಾರಿಸುತ್ತಾನೆ, ಮುಂದಿನ ತಗ್ಗಿನ ಸೀಟಿನವನು ಗುರಿ ಹಿಡಿಯುತ್ತಾನೆ. ನಾಗಲಿಂಗ ಮುಂದಿನ ಸೀಟಿನವನು.

ಒಂದು ಸಲ ರಜೆಗೆ ಬರುವಾಗ ಅವನು ರೈಲ್ವೆ ನಿಲ್ದಾಣದ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಹೆಲಿಕಾಪ್ಟರ್ ಕೊಂಡುತಂದ. ತನ್ನದು ಸುಮಾರು ಹೀಗೇ ಇರುತ್ತದೆ ಎಂದು ಅಪ್ಪನಿಗೆ ತೋರಿಸಲಿಕ್ಕೆ. ಮೌನೇಶಪ್ಪ ಅದನ್ನು ಹೊರಳಿಸಿ ನೋಡಿದರು.

"ಇದೇನು ಬಾತುಕೋಳಿ ಆದಂಗ ಆಗೇತಲ್ಲೋ. ಖರೇ ಹೆಂಗಿರ್ತೈತಿ ಹೇಳು, ನಾ ಮಾಡತೇನಿ."

ನನ್ನ ಬದುಕು ಶುರುವಾದದ್ದು ಅಲ್ಲಿಂದ. ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಎಲ್ಲರೂ ನೋಡಬಹುದಾದ ಚಿತ್ರಗಳನ್ನು ಹುಡುಕಿ ತಂದರು. ನನ್ನ ಒಡಲನ್ನು ಮೊದಲು ಮೇಣದಲ್ಲಿ ಕೆತ್ತಿ, ಆಮೇಲೆ ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಅಕ್ರಿಲಿಕ್‌ನಲ್ಲಿ ಎರಕ ಹೊಯ್ದರು. ಈಗಲೂ ನನ್ನ ಹಸಿರು ಬಣ್ಣವನ್ನು ಕೆರೆದರೆ ಒಳಗೆ ವಸಡಿನ ಬಣ್ಣವೇ ಸಿಗುತ್ತದೆ. ಮೂಗಿನ ಕೆಳಗಿನ ಬಂದೂಕಿನ ನಳಿಗೆ ಇಂಜೆಕ್ಷನ್ ಸೂಜಿಯದು. ರೆಕ್ಕೆಗೆ ತೂಗುಬಿಟ್ಟ ರಾಕೆಟ್ಟಿನ ಕೊಳವೆಗಳು ಖಾಲಿ ರೀಫಿಲ್ಲಿನವು. ಸೀಟಿನ ಪಟ್ಟಿಗಳನ್ನು ಮಾತ್ರೆಯ ಹಾಳೆಯ ಬೆಳ್ಳಿಬಣ್ಣದ ಅಂಚಿನಿಂದ ಕತ್ತರಿಸಿದರು. ಮೈಮೇಲಿನ ರಿವೆಟ್ಟುಗಳನ್ನು ಸೂಜಿಮೊನೆಯಿಂದ ಒಂದೊಂದಾಗಿ ಒತ್ತಿದರು. ಬಾಲದ ಫ್ಯಾನಿನಂಥ ಪುಟ್ಟ ಚಕ್ರವನ್ನು ಉಸಿರು ತಾಗಿದರೆ ತಿರುಗುವಂತೆ ಕೂರಿಸಿದರು.

ನಾಗಲಿಂಗ ರಜೆಗೆ ಬಂದಾಗಲೆಲ್ಲ ಲ್ಯಾಬಿಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಕೇಳಿದ ಕೆಲವಕ್ಕೆ ಉತ್ತರ ಕೊಡುತ್ತಿದ್ದ, ಕೆಲವಕ್ಕೆ ನಕ್ಕುಬಿಡುತ್ತಿದ್ದ.

"ಅದನ್ನ ಹೇಳಂಗಿಲ್ಲಪ್ಪ."

"ಹೋಗ್ಲಿ ಬಿಡು, ಅಲ್ಲಿ ನಾ ಮುಚ್ಚಳ ಹಾಕತೇನಿ," ಎನ್ನುತ್ತಿದ್ದರು ಮೌನೇಶಪ್ಪ.

ಒಂದು ಮಧ್ಯಾಹ್ನ ಅವರು ಮಗನನ್ನು ಸ್ಟೂಲಿನ ಮೇಲೆ ಕೂರಿಸಿದರು. ಒಳಗೆ ಹೇಗೆ ಕೂರುತ್ತೀಯೋ ಹಾಗೆ ಕೂರು ಎಂದರು. ಅವನು ಮೊಣಕಾಲು ಮಡಿಸಿ, ಮುಂಗೈ ಮುಂದೆ ಚಾಚಿ, ತಲೆ ತುಸು ಬಗ್ಗಿಸಿ ಕೂತ. ಅಪ್ಪ ಹೆಬ್ಬೆರಳಿಗಿಂತ ಚಿಕ್ಕದಾದ ಮನುಷ್ಯನನ್ನು ಮೇಣದಲ್ಲಿ ತಿದ್ದತೊಡಗಿದರು. ಮಗನ ಎಡಭುಜ ಬಲಕ್ಕಿಂತ ಕೊಂಚ ಇಳಿದಿತ್ತು. ಗೊಂಬೆಯ ಭುಜವನ್ನೂ ಹಾಗೇ ಇಳಿಸಿದರು. ಹಿಂದಿನ ಸೀಟಿಗೂ ಒಬ್ಬನನ್ನು ಮಾಡಿದರು, ಅವನಿಗೆ ಯಾರ ಹೋಲಿಕೆಯೂ ಇರಲಿಲ್ಲ.

ಊಟಕ್ಕೆ ಕರೆಯಲು ಬಂದ ಇಂದುಮತಿ ಬಾಗಿಲಲ್ಲೇ ನಿಂತರು. ನಾಗಲಿಂಗನ ತಾಯಿ. ಚಿಮಟದ ತುದಿಯಲ್ಲಿ ಹಿಡಿದಿದ್ದ ಗೊಂಬೆಯನ್ನೂ ಸ್ಟೂಲಿನ ಮೇಲಿದ್ದ ಮಗನನ್ನೂ ನೋಡಿದರು.

"ಜೀವಂತ ಮನಷ್ಯಾಂದು ಗೊಂಬಿ ಮಾಡಿ ಅದರಾಗ ಕೂಡಸ್ತೀರೇನ್ರೀ? ಬ್ಯಾಡ. ಖಾಲಿ ಇರ್ಲಿ ಅದು."

"ಏ, ಏನಾಗಂಗಿಲ್ಲ ಬಿಡವ್ವ," ಅಂದ ಮಗ. "ನಾ ಇಲ್ಲದ ಅದು ಹಾರೂದಽ ಇಲ್ಲ."

ಆಕೆ ನಗಲಿಲ್ಲ. ರೊಟ್ಟಿ ಆರುತ್ತವೆ ಬರ್ರಿ ಎಂದು ಒಳಗೆ ಹೋದರು. ಆ ರಜೆ ಮುಗಿಯುವ ಹೊತ್ತಿಗೆ ಗೊಂಬೆಗಳು ಸೀಟಿನಲ್ಲಿ ಕೂತಿದ್ದವು. ಹಲ್ಲಿನ ಲ್ಯಾಬಿನಲ್ಲಿ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಕವಚ ಮಾಡಲು ಒಂದು ಪಾರದರ್ಶಕ ಹಾಳೆ ಇರುತ್ತದೆ. ಅದನ್ನು ಕಾಯಿಸಿ, ಅಚ್ಚಿನ ಮೇಲೆ ಎಳೆದು ನನ್ನ ಗಾಜಿನ ಹೊದಿಕೆ ಮಾಡಿ ಅಂಟಿಸಿದರು. ಇನ್ನು ಬಣ್ಣವೊಂದು ಬಾಕಿ. ಮುಂದಿನ ಸಲ ಬಂದಾಗ ಹಸಿರು ಯಾವ ಹಸಿರು ಎಂದು ಹೇಳುತ್ತೇನೆ ಎಂದು ನಾಗಲಿಂಗ ಹೊರಟ.

ಅವನು ಬರಲಿಲ್ಲ. ಒಂದು ಬೆಳಗ್ಗೆ ಲ್ಯಾಬಿಗೆ ಫೋನು ಬಂತು. ಮೌನೇಶಪ್ಪ ಹೂಂ, ಹೂಂ ಎಂದಷ್ಟೇ ಅಂದರು. ಕೈಯಲ್ಲಿದ್ದ ಯಾರದೋ ಮೇಲ್ದವಡೆಯ ಸೆಟ್ಟನ್ನು ನೀರಿನ ಬಟ್ಟಲಲ್ಲಿ ಜೋಪಾನವಾಗಿ ಇಟ್ಟರು. ಹಲ್ಲು ನಯಗೊಳಿಸುವ ಮೋಟಾರು ಆರಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು ಮನೆಯ ಕಡೆಗೆ ನಡೆದರು. ಲ್ಯಾಬು ಮನೆಯ ಮುಂದಿನ ಕೋಣೆಯಲ್ಲೇ ಇತ್ತು; ಆ ನಾಲ್ಕು ಹೆಜ್ಜೆಗೆ ಅವರಿಗೆ ಬಹಳ ಹೊತ್ತು ಹಿಡಿಯಿತು. ಒಳಗಿನಿಂದ ಬಂದ ಕೂಗನ್ನು ನಾನು ಇಲ್ಲಿ ಹೇಳಲಾರೆ.

ಅಭ್ಯಾಸದ ಹಾರಾಟದಲ್ಲಿ ಹೆಲಿಕಾಪ್ಟರ್ ಬಿದ್ದಿತ್ತು. ಹಿಂದಿನ ಸೀಟಿನವನು ಬದುಕಿದ, ಮುಂದಿನವನು ಬದುಕಲಿಲ್ಲ. ಮಣ್ಣು ಕೊಡಲು ಬಂದ ಜನರೆಲ್ಲ ಹೋದ ಮೇಲೆ ಇಂದುಮತಿ ಲ್ಯಾಬಿಗೆ ಬಂದರು. ನನ್ನನ್ನು ಬಹಳ ಹೊತ್ತು ನೋಡಿದರು.

"ನೀವಽ ಕೂಡಿಸಿದ್ರಿ ಅವನ್ನ ಇದರಾಗ," ಎಂದರು ಗಂಡನಿಗೆ. ದನಿ ಏರಿರಲಿಲ್ಲ. "ನಾ ಬ್ಯಾಡ ಅಂದಿದ್ದೆ."

ಮೌನೇಶಪ್ಪ ನನ್ನನ್ನು ಒಂದು ರಟ್ಟಿನ ಡಬ್ಬಿಯಲ್ಲಿಟ್ಟು ಪ್ಲಾಸ್ಟರಿನ ಚೀಲಗಳ ಹಿಂದೆ ಸರಿಸಿದರು. ಅಲ್ಲಿ ನನಗೆ ಬೆಳಕಿರಲಿಲ್ಲ, ಆದರೆ ದನಿಗಳು ಕೇಳುತ್ತಿದ್ದವು. ಹೆಂಡತಿ ಗಂಡನೊಡನೆ ಆಡುತ್ತಿದ್ದ ಮಾತು ಊಟಕ್ಕೆ, ಔಷಧಕ್ಕೆ, ಬಂದವರಿಗೆ ಬಾಗಿಲು ತೆಗೆಯುವುದಕ್ಕೆ, ಇಷ್ಟಕ್ಕೇ ಮುಗಿಯುತ್ತಿತ್ತು. ಸೆಟ್ಟುಗಳು ಸರಿಯಾಗಿ ಕೂರುವುದಿಲ್ಲವೆಂದು ದವಾಖಾನೆಗಳಿಂದ ವಾಪಸು ಬರತೊಡಗಿದವು. ಪತ್ತಾರರ ಕೈ ತಪ್ಪಿದೆ ಎಂದು ಜನ ಆಡಿಕೊಂಡರು. ಒಬ್ಬರ ಮೇಲೊಬ್ಬರಿಗೆ ಸಿಟ್ಟಿದ್ದ ಮನೆ ಅದಾಗಿರಲಿಲ್ಲ. ಸಿಟ್ಟಿದ್ದರೆ ಜಗಳವಾದರೂ ಆಗುತ್ತಿತ್ತು.

ಹೀಗೇ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದವು. ಬೇಸಿಗೆಯಲ್ಲಿ ಊರುಗೋಲು ಹಿಡಿದ ಒಬ್ಬರು ಬಂದರು. ಹೊನ್ನಾವರದ ಕಡೆಯವರು, ಹೆಸರು ಮೇಜರ್ ಫರ್ನಾಂಡಿಸ್. ಅಂದು ಹಿಂದಿನ ಸೀಟಿನಲ್ಲಿದ್ದವರು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಮೊದಲು ಇಲ್ಲಿಗೇ ಬಂದೆ ಎಂದರು. ಚಹಾ ಬಂತು.

ಕೊನೆಗೆ ಇಂದುಮತಿ ಕೇಳಿದರು. "ಹೆಂಗ ಆತು ಅದು? ಸೈನ್ಯದವರು ಕಾಗದದಾಗ ಬರದದ್ದು ನನಗ ತಿಳಿಲಿಲ್ಲ."

ಮೇಜರ್ ಹೇಳಲು ಹೊರಟರು. ಬಾಲದ ಚಕ್ರ ಅಂದರು, ತಿರುಗು ಅಂದರು, ಕೈ ಗಾಳಿಯಲ್ಲಿ ಆಡಿಸಿದರು, ಸೋತು ನಿಲ್ಲಿಸಿದರು. ಆಗ ಮೌನೇಶಪ್ಪ ಎದ್ದು ಹೋಗಿ ಚೀಲಗಳನ್ನು ಸರಿಸಿ ಡಬ್ಬಿ ತಂದರು. ಹೆಂಡತಿಯ ಮುಖ ನೋಡದೆ ನನ್ನನ್ನು ಮೇಜಿನ ಮೇಲಿಟ್ಟರು.

"ಇದರ ಮ್ಯಾಲ ತೋರಸ್ರಿ."

ಮೇಜರ್ ನನ್ನನ್ನು ನೋಡಿದರು. ಬಣ್ಣವಿಲ್ಲದೆ ಗುಲಾಬಿ ಗುಲಾಬಿಯಾಗಿ ನಿಂತಿದ್ದೆ. ಅವರು ಬಗ್ಗಿ ಗಾಜಿನೊಳಗೆ ಇಣುಕಿ, ಮುಂದಿನ ಸೀಟಿನವನ ಇಳಿದ ಭುಜ ಕಂಡು ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನನ್ನು ಕೈಗೆತ್ತಿಕೊಂಡರು. ಹಾರುವುದೆಂದರೆ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಆಗ ಮಾತ್ರ.

"ಹೀಗೆ ಹೋಗ್ತಾ ಇದ್ವಿ ಅಮ್ಮ. ಎಲ್ಲ ಸರಿ ಇತ್ತು. ಇಲ್ಲಿ, ಬಾಲದ ಒಳಗೆ ಒಂದು ಭಾಗ ಮುರೀತು. ಈ ಚಕ್ರ ನಿಂತುಹೋದರೆ ಮೈಯೆಲ್ಲ ಬುಗುರಿ ಹಾಗೆ ತಿರುಗ್ಲಿಕ್ಕೆ ಶುರು ಆಗ್ತದೆ." ಅವರು ನನ್ನನ್ನು ತಿರುಗಿಸಿದರು, ನಿಧಾನವಾಗಿ. "ಕೆಳಗೆ ತಗಡಿನ ಮನೆಗಳಿದ್ದವು. ನನಗೆ ಏನೂ ಕಾಣ್ತಾ ಇರಲಿಲ್ಲ. ನಾಗಲಿಂಗ ಹೇಳ್ತಾ ಇದ್ದ, ಎಡಕ್ಕೆ ಸರ್, ಎಡಕ್ಕೆ ಖಾಲಿ ಇದೆ ಅಂತ. ಎತ್ತರ ಎಷ್ಟು ಅಂತ ಓದಿ ಹೇಳ್ತಾ ಇದ್ದ. ಅವನ ದನಿ ಬದಲಾಗಲೇ ಇಲ್ಲ."

ನಾನು ತಿರುಗುತ್ತ ಇಳಿಯುತ್ತಿದ್ದೆ.

"ಅವನು ಹೇಳಿದ ಕಡೆಗೇ ಎಳೆದೆ. ಅದು ಹೊಳೆಯ ಮರಳು. ಮನೆಗಳು ಉಳಿದವು. ಮೂಗು ಮೊದಲು ತಾಗಿತು ಅಮ್ಮ. ಅವನು ಮುಂದೆ ಇದ್ದ, ನಾನು ಹಿಂದೆ ಇದ್ದೆ. ಅಷ್ಟೇ ವ್ಯತ್ಯಾಸ."

ಮೇಜು ಹತ್ತಿರ ಬಂತು. ನನ್ನ ಮೂಗು ಅದನ್ನು ಇನ್ನೇನು ತಾಗಬೇಕು, ಅಷ್ಟರಲ್ಲಿ ಇಂದುಮತಿ ಎರಡೂ ಕೈ ಚಾಚಿ ಕೆಳಗಿನಿಂದ ನನ್ನನ್ನು ಹಿಡಿದುಕೊಂಡರು.

"ಸಾಕ್ರೀ," ಎಂದರು. "ತಿಳೀತು."

ನನ್ನನ್ನು ಅವರು ಮುಟ್ಟಿದ್ದು ಅದೇ ಮೊದಲು. ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತರು. ಮೇಜರ್ ತಲೆ ತಗ್ಗಿಸಿ ಅಳುತ್ತಿದ್ದರು. ಸತ್ತವನ ತಾಯಿಯೇ ಅವರಿಗೆ, ಚಹಾ ಆರಿತು, ಇನ್ನೊಮ್ಮೆ ಕಾಸತೇನಿ ಎಂದರು.

ಮೇಜರ್ ಹೋದ ಮೇಲೆ ಮೌನೇಶಪ್ಪ ನನ್ನನ್ನು ಡಬ್ಬಿಗೆ ಹಾಕಲು ಹೊರಟಾಗ ಹೆಂಡತಿ ತಡೆದರು.

"ಒಳಗ ಇಡಬ್ಯಾಡ್ರಿ. ಬಣ್ಣಾ ಹಚ್ಚಿ ಮುಗಸ್ರಿ ಅದನ್ನ."

"ನೀ ಅಂದಿದ್ದಿ, ನಾ ಕೂಡಿಸಿದೆ ಅಂತ."

"ಅಂದಿದ್ದೆ," ಎಂದರು ಆಕೆ. "ಯಾರಿಗಾದ್ರೂ ಅನಬೇಕಾಗಿತ್ತು. ನೀವಽ ಹತ್ರ ಇದ್ರಿ."

ಮೌನೇಶಪ್ಪ ಗೋಡೆಯ ಕಡೆ ಮುಖ ಮಾಡಿದರು. ಮಗ ಹೋದಂದಿನಿಂದ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ. ಅಂದು ಕೇಳಿದೆ.

ಮಾರನೆಯ ದಿನದಿಂದ ಬಣ್ಣ ಶುರುವಾಯಿತು. ಯಾವ ಹಸಿರೆಂದು ಹೇಳಬೇಕಾದವನು ಹೇಳದೆ ಹೋಗಿದ್ದ. ಅವರು ಕಲಸಿದರು, ಹಚ್ಚಿದರು, ಒರೆಸಿದರು. ಆಗಾಗ ಇಂದುಮತಿ ಬಂದು ನಿಂತು ಸ್ವಲ್ಪ ಕಪ್ಪಾತು, ಸ್ವಲ್ಪ ತಿಳಿ ಆತು ಎನ್ನುತ್ತಿದ್ದರು. ಇಬ್ಬರೂ ಆ ಹೆಲಿಕಾಪ್ಟರನ್ನು ಕಂಡವರಲ್ಲ. ಕಡೆಗೆ ಯಾವುದೋ ಒಂದು ಹಸಿರನ್ನು ಇಬ್ಬರೂ ಒಪ್ಪಿಕೊಂಡರು. ಅದು ಸರಿಯೋ ತಪ್ಪೋ ನನಗೂ ತಿಳಿಯದು.

ನಾಗಲಿಂಗನ ದಳದವರು ನನ್ನನ್ನು ತಮಗೆ ಕೊಡಿ ಎಂದು ಕೇಳಿದರು, ಇವರು ಕೊಟ್ಟರು. ನಾನು ಹೊರಡುವಾಗ ಮೌನೇಶಪ್ಪ ನನ್ನನ್ನು ಹತ್ತಿಯಲ್ಲಿ ಸುತ್ತಿದರು, ಒಡೆಯಬಹುದಾದ ಹಲ್ಲನ್ನು ಸುತ್ತುವ ಹಾಗೆ. ಅವರನ್ನು ನಾನು ಮತ್ತೆ ಕಾಣಲಿಲ್ಲ.

ನೆಲೆಯ ಸಭಾಂಗಣದಲ್ಲಿ ನನಗೆ ಗಾಜಿನ ಪೆಟ್ಟಿಗೆ ಸಿಕ್ಕಿತು, ಕೆಳಗೆ ನಾಗಲಿಂಗನ ಹೆಸರಿನ ಹಿತ್ತಾಳೆ ಫಲಕ. ಮೊದಮೊದಲು ಬಂದವರೆಲ್ಲ ನಿಂತು ನೋಡುತ್ತಿದ್ದರು. ಅವನನ್ನು ಬಲ್ಲವರು ಗಾಜಿಗೆ ಮುಖವಿಟ್ಟು ಇಣುಕಿ ಹೋಗುತ್ತಿದ್ದರು. ಬಲ್ಲವರು ಒಬ್ಬೊಬ್ಬರಾಗಿ ವರ್ಗವಾದರು. ಹೊಸಬರು ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಫರ್ನಾಂಡಿಸ್ ಒಮ್ಮೆ ಬಂದಿದ್ದರು, ಸೈನ್ಯ ಬಿಟ್ಟಿದ್ದರು. ದೂರದಲ್ಲೇ ನಿಂತು ಸೆಲ್ಯೂಟ್ ಮಾಡಿ ಹೋದರು. ಆಮೇಲೆ ದಳಕ್ಕೆ ಬೇರೆ ಬಗೆಯ ಹೆಲಿಕಾಪ್ಟರುಗಳು ಬಂದವು. ಕಾರ್ಖಾನೆಯಲ್ಲಿ ಮಾಡಿದ ಹೊಳೆಯುವ ಮಾದರಿಯೊಂದು ನನ್ನ ಪೆಟ್ಟಿಗೆಗೆ ಬಂತು, ನಾನು ಸಾಮಾನಿನ ಕೋಣೆಗೆ ಹೋದೆ. ಹೋಗುವಾಗ ಬಾಗಿಲಿಗೆ ತಾಗಿ ನನ್ನ ತಲೆಯ ಮೇಲಿನ ಒಂದು ಅಲಗು ಬಾಗಿತು. ಹಳೆಯ ಟ್ರೋಫಿಗಳು, ಕಟ್ಟು ಮುರಿದ ಫೋಟೊಗಳು, ಮಡಿಸಿದ ಶಾಮಿಯಾನ ನನ್ನ ನೆರೆಹೊರೆ. ಹಿತ್ತಾಳೆ ಫಲಕ ನನ್ನ ಜೊತೆ ಬರಲಿಲ್ಲ.

ದಳದ ಹುಟ್ಟುಹಬ್ಬಕ್ಕೆ ತೀರಿಕೊಂಡವರ ಮನೆಯವರನ್ನು ಕರೆಯುವ ರೂಢಿ ಅಲ್ಲಿದೆ. ಹೋದ ವರ್ಷ ಸಾಮಾನಿನ ಕೋಣೆಯ ಬಾಗಿಲು ತೆರೆಯಿತು. ಬಂದವರು ಇಂದುಮತಿ. ಕೂದಲೆಲ್ಲ ನರೆತಿತ್ತು, ಹಣೆ ಬರಿದಾಗಿತ್ತು. ಮೌನೇಶಪ್ಪ ಇಲ್ಲವೆಂದು ನನಗೆ ತಿಳಿದದ್ದು ಹಾಗೆ. ಸಭಾಂಗಣದಲ್ಲಿ ನನ್ನನ್ನು ಹುಡುಕಿ, ಕಾಣದೆ, ಕೇಳಿಕೊಂಡು ಬಂದಿದ್ದರು. ಕೋಣೆಯ ಉಸ್ತುವಾರಿಯವನು ಮುಜುಗರದಿಂದ, ಬೇಕಾದರೆ ಮನೆಗೆ ಒಯ್ಯಿರಿ, ನಾನು ಸಾಹೇಬರಿಗೆ ಹೇಳುತ್ತೇನೆ ಎಂದ.

ಆಕೆಯ ಹಿಂದೆ ಇನ್ನೊಬ್ಬಳಿದ್ದಳು. ಪಂಜಾಬಿನ ಕಡೆಯ ಹುಡುಗಿ, ಬಸುರಿ. ಅವಳ ಗಂಡ ಅದೇ ದಳದವನು, ಆ ಚಳಿಗಾಲದಲ್ಲಿ ಹೋದವನು. ಬೆಳಗ್ಗೆಯಿಂದ ಯಾರೊಡನೆಯೂ ಮಾತಾಡದೆ ಕೂತಿದ್ದವಳನ್ನು ಇಂದುಮತಿಯೇ ಎಬ್ಬಿಸಿ ಕರೆದುಕೊಂಡು ಬಂದಿದ್ದರು. ಇವರಿಗೆ ಅವಳ ಭಾಷೆ ಬಾರದು. ಹುಬ್ಬಳ್ಳಿಯ ಸಂತೆಯಲ್ಲಿ ಕಲಿತ ಹರಕು ಹಿಂದಿಯಷ್ಟೇ.

ಇಂದುಮತಿ ನನ್ನನ್ನು ಕಪಾಟಿನಿಂದ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಬೆಳಕಿಗಿಟ್ಟರು. ಮುಂದಿನ ಸೀಟು ತೋರಿಸಿ, ನನ್ನ ಮಗ ಎಂದರು. ಹುಡುಗಿಯ ಕೈ ಹಿಡಿದುಕೊಂಡು, ನಿನ್ನವನು ಎಲ್ಲಿ ಕೂರುತ್ತಿದ್ದ ಎಂದು ಕೇಳಿದರು.

ಅವಳು ಬೆರಳು ಎತ್ತಿ ನನ್ನ ಹಿಂದಿನ ಗಾಜನ್ನು ಮುಟ್ಟಿದಳು. ಒತ್ತಿ ಹಿಡಿದಳು. ಬೆಳಗ್ಗೆಯಿಂದ ಬಾರದ ಅಳು ಬಂತು. ಇಂದುಮತಿ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, ಅವಳಿಗೆ ತಿಳಿಯದ ಕನ್ನಡದಲ್ಲೇ ಹೇಳಿದರು.

"ಅಳವಾ, ಅಳು. ಇಲ್ಲಿ ಯಾರೂ ಬ್ಯಾಡ ಅನ್ನಂಗಿಲ್ಲ."

ಹೊರಡುವಾಗ ಉಸ್ತುವಾರಿಯವನು ನನ್ನನ್ನು ಸುತ್ತಲು ಕಾಗದ ತಂದ. ಇಂದುಮತಿ ಬೇಡವೆಂದರು. ನನಗೊಬ್ಬಳಿಗೇ ಯಾಕೆ, ಇಲ್ಲೇ ಇರಲಿ, ಇನ್ನೂ ಯಾರಾದರೂ ಬಂದಾರು ಎಂದರು. ಹಾಗೆ ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ನಾನು ಕಪಾಟಿಗೆ ಮರಳಿದೆ. ನನ್ನ ಹೆಸರಿನಲ್ಲಿ ದಾಳಿ ಎಂಬ ಮಾತಿದೆ, ಮೈತುಂಬ ಬಂದೂಕು ರಾಕೆಟ್ಟುಗಳಿವೆ; ಅವುಗಳಿಂದ ಯಾರಿಗೂ ಏನೂ ಆಗಿಲ್ಲ. ನನ್ನಂತಹ ದೊಡ್ಡವರು ಏನೇನು ಮಾಡಿದ್ದಾರೋ ನನಗೆ ತಿಳಿಯದು, ಅವರನ್ನು ಹಾರಿಸಲು ಹೋದವರ ಮನೆಗಳಲ್ಲಿ ಏನಾಗುತ್ತದೆಂಬುದು ಮಾತ್ರ ನನಗೆ ಗೊತ್ತು. ಹಿಂದಿನ ಗಾಜಿನ ಮೇಲೆ ಆ ಹುಡುಗಿಯ ಬೆರಳಿನ ಗುರುತು ಹಾಗೇ ಉಳಿದಿದೆ. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಾಗ ಅದರ ಒಂದೊಂದು ಗೆರೆಯೂ ಕಾಣುತ್ತದೆ. ಧೂಳು ಅದರ ಮೇಲೂ ಕೂರತೊಡಗಿದೆ.