ಈಜುಕೊಳದ ಅತ್ತಿ ಎಲೆ

ತಮ್ಮ ಹೊಸ ಮನೆಯ ಈಜುಕೊಳದ ಸುತ್ತ ಸಂಪಿಗೆ ಬೇಕೆಂದು ನಿರ್ಮಲಮ್ಮ ಹಟ ಹಿಡಿದಾಗಲೇ ದುರುಗಮ್ಮನ ನೆತ್ತಿ ಬಿಸಿಯಾಗಿತ್ತು. ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಇಪ್ಪತ್ತು ವರ್ಷದಿಂದ ನರ್ಸರಿ ನಡೆಸುವ ಹೆಂಗಸು. ಗಿಡದ ವಿಷಯ ತನಗೇ ಹೇಳಿಕೊಡಲು ಬಂದವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

"ಸಂಪಿಗಿ ಬೇರು ಟೈಲ್ಸ್ ಎತ್ತಿ ಒಗಿತಾವು. ಬೋಗನ್‌ವಿಲ್ಲಾ ಹಾಕಿದ್ರೆ ನಿಮ್ಮ ಮೊಮ್ಮಗಳ ಕಾಲಿಗೆ ಮುಳ್ಳು. ಹೂವಿನ ಗಿಡಕ್ಕೆ ಜೇನ್ನೊಣ ಬರ್ತಾವು. ನೀವು ಸುಮ್ಕಿರ್ರಿ ಅಕ್ಕಾರ."

"ಹಂಗಾದ್ರೆ ನೀನೇ ಆರಿಸವ್ವ. ನೀರಿಗೆ ಕಸ ಬೀಳಬಾರ್ದು, ಅಷ್ಟೆ. ನಮ್ಮನಿಯವ್ರು ಬೈತಾರೆ."

"ಒಂದೇ ಒಂದು ಎಲಿ ಬಿದ್ರೆ ನನ್ನ ನರ್ಸರಿ ಬಾಗ್ಲು ಹಾಕ್ತೀನಿ. ಬರಕೊಳ್ರಿ!"

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಆಡಿದ ಮೇಲೆ ದುರುಗಮ್ಮ ಹಿಂದೆ ಸರಿಯುವವಳಲ್ಲ. ದಾವಣಗೆರೆಯಿಂದ ಆನಗೋಡಿನ ಕಡೆ ಹೊಸದಾಗಿ ಎದ್ದ ಆ ಮನೆಗೆ ರಾಫಿಸ್ ಪಾಮ್, ಸ್ನೇಕ್ ಪ್ಲಾಂಟ್, ಲೋಳೆಸರ ತಂದಳು. ಎಲೆ ಉದುರಿಸದ, ಬೇರು ದೂರ ಬಿಡದ ಗಿಡಗಳು. ಕ್ಲೋರಿನ್ ನೀರು ಸಿಡಿದು ಸುಡಬಾರದೆಂದು ಅಂಚಿನಿಂದ ನಾಲ್ಕಡಿ ಬಿಟ್ಟು ನೆಟ್ಟಳು.

ಎಂಟನೇ ದಿನ ನಿರ್ಮಲಮ್ಮ ಫೋನು ಮಾಡಿದರು. "ನೀರ ತುಂಬ ಎಲಿ ಐತವ್ವ. ಯಾವಾಗ ಹಾಕ್ತೀಯ ಬಾಗ್ಲು?"

ದುರುಗಮ್ಮ ಬುಸುಗುಟ್ಟುತ್ತಾ ಬಂದು ನೀರಿನಿಂದ ಒಂದು ಎಲೆ ಎತ್ತಿದಳು. ಅತ್ತಿ ಎಲೆ. ಪಕ್ಕದಲ್ಲಿ ಒಂದು ಎಳೆಯ ಅತ್ತಿಕಾಯಿಯೂ ತೇಲುತ್ತಿತ್ತು. ಸುತ್ತ ನೋಡಿದಳು. ಬರೀ ಖಾಲಿ ಸೈಟುಗಳು, ಕರೆಂಟು ಕಂಬಗಳು. ಕಣ್ಣು ಹಾಯುವವರೆಗೆ ಒಂದು ಮರವಿರಲಿಲ್ಲ.

"ಇವು ನನ್ನ ಗಿಡದವಲ್ಲ," ಎಂದಳು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ನಿರ್ಮಲಮ್ಮನ ಮೊಮ್ಮಗಳು ಕೀರ್ತನಾ ಈಜುಡುಗೆ ಹಾಕಿಕೊಂಡೇ ನಿಂತಿದ್ದಳು. "ಅಜ್ಜಿ, ನಾನು ಒಳಗೆ ಇಳಿಯಲ್ಲ. ನೀರಾಗೆ ಕಿವಿ ಇಟ್ರೆ ಕೀಂಯ್ ಕೀಂಯ್ ಅಂತೈತೆ. ಯಾರೋ ಏನೋ ಮ್ಯಾಲೆ ಎಳೀತಾರೆ."

ಮೋಟರು ಆಫ್ ಆಗಿತ್ತು. ದುರುಗಮ್ಮ ಮೊಣಕಾಲೂರಿ ಬಗ್ಗಿ, ಎಡಗಿವಿಯನ್ನು ನೀರಿಗೆ ಹಚ್ಚಿದಳು. ಎಣ್ಣೆ ಕಾಣದ ಗಡಗಡೆಯ ಸದ್ದು. ತುಂಬಿದ ಕೊಡವನ್ನು ಹಗ್ಗ ನಿಧಾನಕ್ಕೆ ಮೇಲೆಳೆಯುವ ಸದ್ದು. ಚಿಕ್ಕಂದಿನಲ್ಲಿ ದಿನವೂ ಕೇಳಿದ್ದು. ಕೊಡ ಮೇಲೆ ಬರುತ್ತಲೇ ಇತ್ತು, ದಡ ಮುಟ್ಟುತ್ತಿರಲಿಲ್ಲ.

"ಅಕ್ಕಾರ, ಇಲ್ಲಿ ಬಾವಿ ಇತ್ತಾ?"

ನಿರ್ಮಲಮ್ಮ ಸೆರಗಿನ ತುದಿ ಹಿಂಡಿದರು. "ಇತ್ತು. ದಂಡಿಗೆ ಒಂದು ಅತ್ತಿ ಮರ. ನಮ್ಮನಿಯವ್ರು ಜೆಸಿಬಿ ತರಿಸಿ, ಮರ ಕೆಡವಿ, ಅದ್ರೊಳಗೇ ನೂಕಿ ಮುಚ್ಚಿಸಿದ್ರು."

"ಮುಚ್ಚೋ ಮೊದ್ಲು ಒಂದು ಕೊಡ ನೀರು ಸೇದಿ ಹೊಳಿಗೆ ಬಿಟ್ರಾ?"

"ಯಾರಿಗೆ ನೆನಪಿತ್ತವ್ವ?"

"ನಮ್ಮೂರಾಗೆ ಅದನ್ನ ಮಾಡದೆ ಬಾವಿಗೆ ಒಂದು ಬುಟ್ಟಿ ಮಣ್ಣು ಹಾಕ್ತಿರಲಿಲ್ಲ. ಬಾವಿಗೆ ಹೋಗಾಕೆ ದಾರಿ ಕೊಡದಂಗೆ ಮುಚ್ಚೀರಿ. ಕೊಡ ತರ್ರಿ. ಈಗ ನಾನೇ ಒಯ್ತೀನಿ. ಹೊಳಿ ಮುಟ್ಟೋತನಕ ನೆಲಕ್ಕಿಡಬಾರ್ದು, ಅಷ್ಟೆ."

"ಇಟ್ರೆ?"

"ಇಟ್ಟಲ್ಲೇ ಬಾವಿ ನಿಂತುಬಿಡ್ತೈತೆ."

ಬಸ್ಸಿನಲ್ಲಿ ಈಜುಕೊಳದ ನೀರು ತುಂಬಿದ ಕೊಡ ಅವಳ ತೊಡೆಯ ಮೇಲಿತ್ತು. ಕಂಡಕ್ಟರು ಗದರಿದ: "ಕೆಳಗಿಡಮ್ಮ, ಮಂದಿ ಮ್ಯಾಲೆ ಚೆಲ್ತೀಯ."

"ನಿನ್ನ ತಲಿ ಮ್ಯಾಲೆ ಇಡ್ಲೇನು?"

ಬಸ್ಸೆಲ್ಲ ನಕ್ಕಿತು. ದುರುಗಮ್ಮ ನಗಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಕೊಡದ ನೀರು ಅಲುಗುತ್ತಿರಲಿಲ್ಲ. ಅದನ್ನು ಅವಳೊಬ್ಬಳೇ ನೋಡಿದಳು.

ಹರಿಹರದಲ್ಲಿಳಿದು, ಕೊಡವನ್ನು ಸೊಂಟಕ್ಕೇರಿಸಿ ಹೊಳೆಯ ಕಡೆ ನಡೆದಳು. ತನ್ನ ನರ್ಸರಿ ದಾಟಿದರೆ ಐದು ನಿಮಿಷದ ಹಾದಿ. ಅಷ್ಟರಲ್ಲಿ ಒಂದು ಲಗೇಜ್ ಆಟೋ ನರ್ಸರಿಯ ಗೇಟಿನೊಳಗೆ ರಿವರ್ಸ್ ಬರುತ್ತಾ ಅವಳ ಗುಲಾಬಿ ಸಸಿಗಳ ಮೇಲೆ ಹತ್ತಿತು. ಚೀಲಗಳು ಪಟಪಟ ಒಡೆದವು.

"ಏಯ್! ಕಣ್ಣು ಏನು ಬೆನ್ನಾಗೆ ಅದಾವೇನೋ ನಿಂಗೆ?"

ಡ್ರೈವರಿನ ಅಂಗಿಯ ಕಾಲರು ಅವಳ ಎರಡೂ ಕೈಯಲ್ಲಿತ್ತು. ಅವನು ಕೈಮುಗಿದ, ಅವಳು ಬೈದಳು, ಮಂದಿ ಸೇರಿದರು. ಕೈ ಬಿಟ್ಟಾಗಲೇ ಅವಳಿಗೆ ಸೊಂಟ ಖಾಲಿಯಿರುವುದು ತಿಳಿದದ್ದು.

ಕೊಡ ನರ್ಸರಿಯ ಗೇಟಿನ ಒಳಗೆ, ಸಿಮೆಂಟು ತೊಟ್ಟಿಯ ಪಕ್ಕ, ನೆಲದ ಮೇಲೆ ನೆಟ್ಟಗೆ ಕೂತಿತ್ತು. ಎತ್ತಿದಳು. ಹಗುರ. ಒಳಗೆ ಹನಿಯೂ ಇಲ್ಲ. ಬುಡದ ಮಣ್ಣು ಮುಟ್ಟಿ ನೋಡಿದಳು, ಒಣ ಮಣ್ಣು.

ಮರುದಿನ ಬೆಳಿಗ್ಗೆ ನಿರ್ಮಲಮ್ಮನ ಫೋನು. "ಏನು ಮಾಡಿದ್ಯೋ ಮಾರಾಯ್ತಿ! ಒಂದು ಎಲಿ ಇಲ್ಲ. ಕೀರ್ತನಾ ನೀರು ಬಿಟ್ಟು ಮ್ಯಾಲೆ ಬರವಲ್ಲಳು. ಹೊಳಿಗೆ ಬಿಟ್ಟೆ ಹೌದಿಲ್ಲೋ?"

ಹಿಂದಿನಿಂದ ಮಗುವಿನ ನಗುವೂ ನೀರು ಬಡಿಯುವ ಸದ್ದೂ ಕೇಳುತ್ತಿದ್ದವು.

"ಬಿಟ್ಟೆ ಅಕ್ಕಾರ," ಎಂದಳು ದುರುಗಮ್ಮ.

ಫೋನು ಇಟ್ಟು, ಗಿಡಗಳಿಗೆ ನೀರು ಹಾಕಲು ತಂಬಿಗೆ ಹಿಡಿದು ತೊಟ್ಟಿಯ ಹತ್ತಿರ ಬಂದಳು. ನೀರಿನ ನಡುವೆ ಒಂದು ಅತ್ತಿ ಎಲೆ ತೇಲುತ್ತಿತ್ತು, ಆಗಷ್ಟೇ ಕಿತ್ತಷ್ಟು ಹಸಿರು. ತೊಟ್ಟಿಗೆ ಕಿವಿ ಹಚ್ಚುವ ಧೈರ್ಯ ಅವಳಿಗಾಗಲಿಲ್ಲ. ಹಚ್ಚುವ ಅಗತ್ಯವೂ ಬೀಳಲಿಲ್ಲ. ಕೀಂಯ್ ಎನ್ನುವ ಸದ್ದು ನಿಂತಲ್ಲಿಗೇ ಕೇಳುತ್ತಿತ್ತು.

ದುರುಗಮ್ಮ ತಂಬಿಗೆಯನ್ನು ಕೆಳಗಿಟ್ಟಳು. ಹೊರಗೆ ಬಂದು ನರ್ಸರಿಯ ಬಾಗಿಲು ಹಾಕಿದಳು.