ಎತ್ತಲಿಲ್ಲ, ನಿಲ್ಲಿಸಿದೆ

ನಮ್ಮಪ್ಪನಷ್ಟು ಹಟಮಾರಿ ಸೌತ್‌ಲ್ಯಾಂಡ್ ಸೀಮೆಯಲ್ಲಿ ಇನ್ನೊಬ್ಬರಿದ್ದರೆ ಅದು ಅವನ ಮಗಳಾದ ನಾನೇ ಎಂದು ಅಮ್ಮ ಹೇಳುತ್ತಿದ್ದಳು. ಆ ವರ್ಷ ಹುಲ್ಲಿನ ಪೆಂಡಿ ಎತ್ತುವ ಲೋಡರ್ ಯಂತ್ರ ತರಿಸುವ ಮಾತನ್ನು ನಾನು ಎತ್ತಿದಾಗ ಅಪ್ಪನೂ ನಾನೂ ಮೂರು ದಿನ ಮಾತು ಬಿಟ್ಟೆವು. ಊಟದ ಮೇಜಿನ ಆ ತುದಿಯ ಉಪ್ಪು ಈ ತುದಿಗೆ ಬರಬೇಕಾದರೂ ನಡುವೆ ಅಮ್ಮನ ಶಿಫಾರಸು ಬೇಕಾಗಿತ್ತು.

ವಿಷಯ ಇಷ್ಟೇ. ಭೂಮಿಯ ದಕ್ಷಿಣ ತುದಿಯ ನಮ್ಮ ಸೀಮೆಯಲ್ಲಿ ಜುಲೈ ಚಳಿಗಾಲ, ಜನವರಿ ಬೇಸಿಗೆ. ಹಿಂದಿನ ಜುಲೈ ತಿಂಗಳ ಕೊರೆಯುವ ಚಳಿಯಲ್ಲಿ ದನಗಳಿಗೆ ಒಣಹುಲ್ಲಿನ ಪೆಂಡಿ ಹೊತ್ತು ಹೋಗುತ್ತಿದ್ದ ಅಪ್ಪ ಬೇಲಿಯ ಹತ್ತಿರ ಎದೆ ಹಿಡಿದುಕೊಂಡು ಕುಸಿದ. ಗೋರ್ ಪಟ್ಟಣದ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಮರ್ಡೋ, ಇನ್ಮೇಲೆ ಭಾರ ಎತ್ತಬೇಡ. ಎತ್ತಿದ್ರೆ ಇನ್ನೊಂದು ಬೇಸಿಗೆ ನೋಡೋದು ಅನುಮಾನ" ಎಂದರು. ಅಪ್ಪ ತಲೆಯಾಡಿಸಿದ. ಅಪ್ಪ ತಲೆಯಾಡಿಸಿದ ಎಂದರೆ ಮಾತು ಕಿವಿಗೆ ಬಿದ್ದಿದೆ ಎಂದಷ್ಟೇ ಅರ್ಥ, ಒಪ್ಪಿದ್ದಾನೆ ಎಂದಲ್ಲ.

ಜನವರಿ ಬಂತು. ಹುಲ್ಲು ಕೊಯ್ದು, ಒಣಗಿಸಿ ಆಯಿತು. ಬೇಲರ್ ಯಂತ್ರ ಬಂದು ಹುಲ್ಲನ್ನು ಒತ್ತಿ, ಹುರಿ ಬಿಗಿದು, ಹೊಳೆದಂಡೆಯ ಹೊಲದ ತುಂಬ ಮುನ್ನೂರು ಪೆಂಡಿ ಉದುರಿಸಿ ಹೋಯಿತು. ಒಂದೊಂದೂ ಟ್ರಂಕಿನಷ್ಟು ಉದ್ದ, ಬಲಿತ ಕುರಿಮರಿಯಷ್ಟು ಭಾರ. ಹದಿನೈದು ವರ್ಷದಿಂದ ಅವನ್ನು ನೆಲದಿಂದ ಎತ್ತಿ ಲಾರಿಗೆ ಹಾಕುತ್ತಿದ್ದವನು ಅಪ್ಪ, ಮೊದಲ ಕೆಲವು ವರ್ಷ ಜೊತೆಗೆ ಅಮ್ಮ. ಹದಿಮೂರನೆಯ ವಯಸ್ಸಿನಿಂದ ಆ ಲಾರಿ ಓಡಿಸುತ್ತಿದ್ದವಳು ನಾನು. ಮನೆಯಲ್ಲಿ ಬೇರೆ ಗಂಡಾಳಿಲ್ಲ, ಅಪ್ಪನಿಗೆ ಬೇಕಾಗಿಯೂ ಇರಲಿಲ್ಲ.

ಪಕ್ಕದ ಜಮೀನಿನ ಲಾಕಿ ಟುಲಕ್ ಆ ವರ್ಷ ಹೊಸ ಲೋಡರ್ ತಂದಿದ್ದ. ಅದು ಲಾರಿಯ ಮಗ್ಗುಲಿಗೆ ಸಿಕ್ಕಿಸುವ, ಚಕ್ರವಿರುವ ಕಬ್ಬಿಣದ ಚೌಕಟ್ಟು. ಮುಂದೆ ಅಗಲವಾದ ಬಾಯಿ, ಒಳಗೆ ಹಲ್ಲಿನ ಸರಪಳಿ. ಲಾರಿ ಸಾಗಿದಂತೆ ನೆಲದ ಮೇಲೆ ಉದ್ದಕ್ಕೆ ಮಲಗಿದ ಪೆಂಡಿಯನ್ನು ಬಾಯಿಗೆ ತೆಗೆದುಕೊಂಡು, ಮೇಲಕ್ಕೆ ಹತ್ತಿಸಿ, ಲಾರಿಯ ಮೇಲೆ ನಿಂತವನ ಕೈಗೆ ಕೊಡುತ್ತದೆ. ಒಂದು ದಿನದ ಮಟ್ಟಿಗೆ ಕೊಡು ಎಂದು ಕೇಳಿದೆ. ಪೆಂಡಿ ಒಟ್ಟಲು ತಾನೂ ಬರುತ್ತೇನೆ ಎಂದ ಪುಣ್ಯಾತ್ಮ.

ನಾಲ್ಕನೆಯ ದಿನ ಅಪ್ಪ ತಟ್ಟೆಯ ಆಲೂಗಡ್ಡೆಯನ್ನು ನೋಡುತ್ತ ಬಾಯಿ ಬಿಟ್ಟ.

"ಟುಲಕ್‌ನ ಆ ಸಾಮಾನು ಪೆಂಡಿ ಎತ್ತುತ್ತೋ, ತಿನ್ನುತ್ತೋ?"

"ಎತ್ತುತ್ತೆ," ಎಂದೆ.

"ನೋಡೋಣ," ಎಂದ. ನಮ್ಮ ಮನೆಯಲ್ಲಿ ಅದನ್ನು ಒಪ್ಪಿಗೆ ಎನ್ನುತ್ತಾರೆ.

ಲೋಡರ್ ಬರುವ ಹಿಂದಿನ ಸಂಜೆ ಅಮ್ಮನೂ ನಾನೂ ಊರಿನ ಹಾಲ್‌ಗೆ ಹೂವಿನ ಪ್ರದರ್ಶನದ ಸಭೆಗೆ ಹೋಗಿದ್ದೆವು. ಬರುವಾಗ ಒಂಬತ್ತಾಗಿದ್ದರೂ ಬೇಸಿಗೆಯ ಬೆಳಕು ಇನ್ನೂ ಇತ್ತು. ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಕಾಲುಚೀಲದ ತುಂಬ ಹುಲ್ಲುಕಡ್ಡಿ. ಹೊಲ ನೋಡಿಕೊಂಡು ಬಂದಿರಬೇಕು ಎಂದುಕೊಂಡು ನಾನು ಮಲಗಲು ಹೋದೆ.

ಬೆಳಿಗ್ಗೆ ಲೋಡರ್ ಸಿಕ್ಕಿಸಿದ ಲಾರಿ ತೆಗೆದುಕೊಂಡು ಹೊಲದ ಗೇಟು ದಾಟಿದವಳು ಬ್ರೇಕ್ ಒತ್ತಿದೆ. ಹೊಲದಲ್ಲಿ ಒಂದು ಪೆಂಡಿಯೂ ಮಲಗಿರಲಿಲ್ಲ. ಮುನ್ನೂರಕ್ಕೆ ಮುನ್ನೂರೂ, ಪಂದ್ಯ ನೋಡಲು ಬಂದ ಜನರ ಹಾಗೆ ನೆಟ್ಟಗೆ ಎದ್ದು ನಿಂತಿದ್ದವು.

"ಏನೇ ಐಲ್ಸಾ ಇದು? ನಮ್ಮನ್ನ ಸ್ವಾಗತ ಮಾಡೋಕೆ ಎದ್ದು ನಿಂತಿದಾವಾ?" ಲಾರಿಯ ಮೇಲಿದ್ದ ಟುಲಕ್ ಹೊಟ್ಟೆ ಹಿಡಿದುಕೊಂಡು ನಕ್ಕ.

ನೋಡಿಯೇಬಿಡೋಣ ಎಂದು ಮೊದಲ ಪೆಂಡಿಯತ್ತ ಲಾರಿ ನಡೆಸಿದೆ. ಲೋಡರಿನ ಬಾಯಿ ತಾಗಿದ್ದೇ ಅದು ಅಡ್ಡಡ್ಡ ಬಿದ್ದು ಸಿಕ್ಕಿಕೊಂಡಿತು. ಸರಪಳಿಯ ಹಲ್ಲು ಹುರಿ ಹರಿದು, ಹುಲ್ಲೆಲ್ಲ ಚೆಲ್ಲಾಪಿಲ್ಲಿಯಾಯಿತು. ಟುಲಕ್‌ನ ನಗು ನಿಂತಿತು. ದಕ್ಷಿಣದ ದಿಗಂತದಲ್ಲಿ ಕಪ್ಪಗೆ ಒಂದು ಗೆರೆ ಎದ್ದಿತ್ತು. ನಮ್ಮಲ್ಲಿ ದಕ್ಷಿಣದ ಗಾಳಿ ಎಂದರೆ ಥಂಡಿ, ಮಳೆ. ಸಂಜೆಯೊಳಗೆ ಹುಲ್ಲು ಕೊಟ್ಟಿಗೆ ಸೇರದಿದ್ದರೆ ವರ್ಷದ ಮೇವು ಕೊಳೆತು ಗೊಬ್ಬರ.

ಅಪ್ಪ ಅಮ್ಮನ ಜೊತೆ ಗೇಟಿನ ಹತ್ತಿರ ಬಂದಿದ್ದ. ತಮಾಷೆ ನೋಡಲು ಬಂದವನ ಹಾಗೆ ಒಳ್ಳೆಯ ಹ್ಯಾಟು ಬೇರೆ ಹಾಕಿಕೊಂಡಿದ್ದ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಲಾರಿಯಿಂದ ಇಳಿದು ಅವನ ಹತ್ತಿರ ಹೋದೆ.

"ಬೇಕೂಂತಲೇ ಮಾಡಿದೀಯ ಅಲ್ವಾ ಅಪ್ಪಾ? ಯಂತ್ರ ಸೋಲ್ಲಿ, ಆಮೇಲೆ ನೀನೇ ಎತ್ತೋಣಾಂತ! ನಿನ್ನ ಹಟಕ್ಕೆ ಸಾಯೋದೊಂದು ಬಾಕಿ!"

ಅಪ್ಪ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಹರಿದು ಬಿದ್ದ ಪೆಂಡಿಯನ್ನು ನೋಡುತ್ತಿದ್ದ. ಮುಖ ಸಣ್ಣದಾಗಿತ್ತು.

"ಬಗ್ಗಿ ಎತ್ತೋದು ಎಷ್ಟು ಕಷ್ಟ ಅಂತ ನಂಗೊತ್ತು ಕಣೇ," ಎಂದ ಮೆಲ್ಲಗೆ. "ನಿಂತಿದ್ರೆ ಹಿಡಿಯೋಕೆ ಸುಲಭ. ಅದಕ್ಕೂ ಸುಲಭ ಆಗ್ಲೀಂತ..."

"ಯಾವುದಕ್ಕೆ?"

"ನಿನ್ನ ಯಂತ್ರಕ್ಕೆ."

"ಅದಕ್ಕೇನು ಸೊಂಟ ಇದ್ಯಾ ಅಪ್ಪಾ, ನೋಯೋಕೆ?"

"ನಂಗೇನು ಗೊತ್ತು? ನಾನು ಕಂಡಿದೀನಾ? ಹೇಳೋಳು ನೀನು, ಮೂರು ದಿನ ಮೂತಿ ತಿರುಗಿಸ್ಕೊಂಡು ಕೂತಿದ್ದೆ."

ಅದು ನಿಜವೇ ಆಗಿದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು. "ಡಾಕ್ಟ್ರು ಏನಂದಿದ್ರು?"

"ಎತ್ತಬೇಡ ಅಂದಿದ್ರು." ಅಪ್ಪ ಈಗ ಗದ್ದ ಮೇಲೆತ್ತಿದ. "ನಾನು ಎತ್ತಲಿಲ್ಲ, ನಿಲ್ಲಿಸಿದೆ."

ಟುಲಕ್ ಆ ಕಡೆ ತಿರುಗಿ ಕೆಮ್ಮಿದ. ಅಮ್ಮ ಮಾತ್ರ ನಗಲಿಲ್ಲ. ಅವಳು ಸಾಲು ಸಾಲು ನಿಂತ ಪೆಂಡಿಗಳನ್ನೇ ನೋಡುತ್ತಿದ್ದಳು.

"ಬೈಬೇಡ ಐಲ್ಸಾ," ಎಂದಳು. "ನಂಗೂ ಹಿಂಗೇ ಮಾಡ್ತಿದ್ದ. ಮೊದಮೊದಲು ಪೆಂಡಿ ಎತ್ತೋಕೆ ನಾವಿಬ್ರೇ ಇದ್ವಲ್ಲ, ನಂಗೆ ಆಗ್ಲೇ ಸೊಂಟನೋವು. ನಾನು ನಡೆಯೋ ಕಡೆ ಸಾಲನ್ನೆಲ್ಲ ಹಿಂದಿನ ಸಂಜೇನೇ ಬಂದು ನಿಲ್ಲಿಸಿ ಹೋಗ್ತಿದ್ದ. ಒಂದಿನಾನೂ ಬಾಯಿ ಬಿಟ್ಟು ಹೇಳ್ಲಿಲ್ಲ."

ಆ ಸಾಲುಗಳನ್ನು ನಾನೂ ನೋಡಿದ್ದೆ. ಲಾರಿಯ ಎಡಗಡೆ ನಿಂತ ಪೆಂಡಿ, ಬಲಗಡೆ ಮಲಗಿದ ಪೆಂಡಿ. ಬೇಲರ್ ಯಂತ್ರವೇ ಹಾಗೆ ಉದುರಿಸುತ್ತದೆ ಎಂದು ಆ ವಯಸ್ಸಿನಲ್ಲಿ ನಂಬಿದ್ದೆ. ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಕಣ್ಣು ತುಂಬಿ ಬಂತು. ಅಪ್ಪನ ಮುಂದೆ ಅಳುವುದು ನಮ್ಮ ವಂಶದಲ್ಲಿಲ್ಲ, ಹಾಗಾಗಿ ಮೂಗು ಒರೆಸಿಕೊಂಡು "ಈಗೇನು ಮಾಡೋಣ ಹೇಳು" ಎಂದೆ.

"ನಿಲ್ಲಿಸಿದೋನಿಗೆ ಬೀಳಿಸೋಕೆ ಬರಲ್ವಾ?" ಅಪ್ಪ ಹತ್ತಿರದ ಪೆಂಡಿಯ ತಲೆಗೆ ಬೂಟುಗಾಲು ಕೊಟ್ಟು ನೂಕಿದ. ಅದು ಸಾಲಿನ ಉದ್ದಕ್ಕೆ, ದಾರ ಹಿಡಿದು ಎಳೆದ ಹಾಗೆ ನೇರ ಬಿತ್ತು.

"ಹಾಂ! ಹಾಗೇ ಬೇಕು ಮರ್ಡೋ!" ಟುಲಕ್ ಕೂಗಿದ. ನಾನು ಓಡಿ ಹೋಗಿ ಲಾರಿ ಹತ್ತಿದೆ. ಲೋಡರ್ ಪೆಂಡಿಯನ್ನು ಬಾಯಿಗೆ ತೆಗೆದುಕೊಂಡಿತು. ಸರಪಳಿ ಗಡಗಡ ಎಂದಿತು. ಪೆಂಡಿ ಏರಿ ಹೋಗಿ ಟುಲಕ್‌ನ ಕೈ ಸೇರಿತು. ಅದು ಹೋದ ದಾರಿಯನ್ನೇ ಅಪ್ಪ ಬಾಯಿ ತೆರೆದು ನೋಡಿದ.

ಆಮೇಲೆ ನಡೆದದ್ದನ್ನು ನೋಡಿಯೇ ನಂಬಬೇಕು. ಅಪ್ಪ ಲಾರಿಯ ಮುಂದೆ ನಡೆಯುತ್ತ ಒಂದೊಂದನ್ನೇ ಬೂಟಿನಿಂದ ಉರುಳಿಸುತ್ತಿದ್ದ. ಸೊಟ್ಟ ಬಿದ್ದದ್ದನ್ನು ಕೋಲಿನಿಂದ ತಿವಿದು ಸರಿ ಮಾಡುತ್ತಿದ್ದ. ಲಾರಿ ತುಂಬಿ ಕೊಟ್ಟಿಗೆಗೆ ಹೋದಾಗಲೆಲ್ಲ ಅಮ್ಮ ಅವನನ್ನು ಬಲವಂತವಾಗಿ ನೆರಳಿನಲ್ಲಿ ಕೂರಿಸಿ, ಸ್ಕೋನ್ ಬನ್ನಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಯಂತ್ರವನ್ನು ಕಂಡುಹಿಡಿದವನೇ ತಾನು ಎನ್ನುವ ಹಾಗಿದ್ದ.

"ಬಲಕ್ಕೆ! ಬಲಕ್ಕೇಂದ್ರೆ ಯಾವ ಕಡೆ ಅಂತ ಗೊತ್ತಿಲ್ವಾ ನಿಂಗೆ? ಅದರ ಬಾಯಿಗೆ ಸರಿಯಾಗಿ ಕೊಡೇ, ಪಾಪ!"

ಹರಿದದ್ದು ಆ ಮೊದಲನೆಯದೊಂದೇ. ಇಡೀ ದಿನ ಲೋಡರ್ ಮತ್ತೆ ಸಿಕ್ಕಿಕೊಳ್ಳಲಿಲ್ಲ. "ನಮ್ಮ ಹೊಲದಲ್ಲಿ ಹತ್ತಕ್ಕೊಂದು ಅಡ್ಡ ಬಿದ್ದು, ಸರಿ ಮಾಡೋಕೆ ಇಳಿದೂ ಇಳಿದೂ ಸಾಕಾಗತ್ತೆ. ಮುಂದಿನ ವಾರ ನಮ್ಮಲ್ಲಿಗೂ ಬಂದು ಮುಂದೆ ನಡೀತೀಯಾ ಮರ್ಡೋ?" ಎಂದು ಟುಲಕ್ ಕೇಳಿದ. "ನೋಡೋಣ," ಎಂದ ಅಪ್ಪ. ಹೆಮ್ಮೆಗೆ ಹ್ಯಾಟು ಮಾತ್ರ ಹಿಂದಕ್ಕೆ ಜರುಗಿತು.

ಗಾಳಿ ದಕ್ಷಿಣದಿಂದ ಬೀಸತೊಡಗಿದಾಗ ಗೇಟಿನ ಹತ್ತಿರ ಒಂದೇ ಒಂದು ಪೆಂಡಿ ಉಳಿದಿತ್ತು. ಅಪ್ಪ ಅದನ್ನು ಬೀಳಿಸಿರಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ವರ್ಷದ ಕೊನೆಯ ಪೆಂಡಿಯನ್ನು ಎತ್ತುವುದು ಅಪ್ಪ ಅಮ್ಮ ಇಬ್ಬರೇ. ಆ ಕಡೆಯ ಹುರಿ ಒಬ್ಬರು, ಈ ಕಡೆಯ ಹುರಿ ಒಬ್ಬರು ಹಿಡಿದು, "ಒಂದು, ಎರಡು, ಹೋಗು" ಎಂದು ಲಾರಿಗೆ ಎಸೆಯುತ್ತಾರೆ. ಅಮ್ಮನ ಸೊಂಟ ಕೈಕೊಟ್ಟು ಅವಳು ಹೊಲದ ಕೆಲಸ ಬಿಟ್ಟ ಮೇಲೂ ಇದೊಂದು ತಪ್ಪಿರಲಿಲ್ಲ.

ಅಪ್ಪ ಬಗ್ಗಿ ಒಂದು ಹುರಿ ಹಿಡಿದು ಅಮ್ಮನ ಕಡೆ ನೋಡಿದ. "ಬಾ ಎಫೀ. ಒಂದೇ ಒಂದು. ಅರ್ಧ ಭಾರ ನಿಂದೇ ಅಲ್ವಾ?"

ನಾನು ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಬೇಡ ಎಂದು ಕೂಗಬೇಕು. ಆದರೆ ಇಡೀ ದಿನ ಇಷ್ಟು ಖುಷಿಯಾಗಿದ್ದವನಿಗೆ ಹೇಗೆ ಕೂಗಲಿ? ಅಮ್ಮ ಚಹಾದ ಬುಟ್ಟಿ ಕೆಳಗಿಟ್ಟು ಕುಂಟುತ್ತ ಬಂದಳು. ತನ್ನ ಕಡೆಯ ಹುರಿಗೆ ಕೈ ಹಾಕಿದಳು. ಎತ್ತಿಯೇಬಿಟ್ಟರು ಎಂದುಕೊಂಡೆ.

ಅಮ್ಮ ಹುರಿ ಬಿಟ್ಟು, ಕುಂಟದ ಕಾಲನ್ನು ಪೆಂಡಿಗೆ ಕೊಟ್ಟು ನೂಕಿದಳು. ಅಪ್ಪನ ಕೈಯಿಂದ ಜಾರಿ ಅದು ಲೋಡರಿನ ಬಾಯಿಯ ಮುಂದೆ ಉದ್ದಕ್ಕೆ ಬಿತ್ತು.

"ಎಫೀ!"

"ನಾನು ಎತ್ತಲಿಲ್ಲ, ಬೀಳಿಸಿದೆ," ಎಂದಳು. "ಅರ್ಧ ಭಾರ ನಂಗೇನೂ ಹೆಚ್ಚಲ್ಲ ಮರ್ಡೋ. ಇನ್ನರ್ಧ ಹೊರೋನು ನಂಗೆ ಮುಂದಿನ ಬೇಸಿಗೇಲೂ ಬೇಕು." ನನ್ನ ಕಡೆ ತಿರುಗಿ, "ನೀನೇನೇ ನೋಡ್ತೀಯ? ಓಡ್ಸು!" ಎಂದು ಗದರಿದಳು.

ಓಡಿಸಿದೆ. ಹದಿನೈದು ವರ್ಷದಲ್ಲಿ ಅಷ್ಟು ಮೆಲ್ಲಗೆ, ಅಷ್ಟು ನೇರವಾಗಿ ಓಡಿಸಿದ್ದಿಲ್ಲ. ಪೆಂಡಿ ಸರಪಳಿ ಹತ್ತಿತು. ಅದರ ಜೊತೆಜೊತೆಗೇ ಅಪ್ಪನ ಎರಡು ಕೈಗಳೂ ತಾವಾಗಿ ಮೇಲೆದ್ದವು, ಸೊಂಟದವರೆಗೆ, ಎದೆಯವರೆಗೆ. ಅಲ್ಲಿ ಹಿಡಿಯಲು ಏನೂ ಸಿಗದೆ ಬರಿದೇ ನಿಂತವು.

ಅಮ್ಮ ಬುಟ್ಟಿಯಿಂದ ಚಹಾದ ಲೋಟ ತೆಗೆದು ಆ ಕೈಗಳ ನಡುವೆ ಇಟ್ಟಳು.

"ಹಿಡ್ಕೋ," ಎಂದಳು. "ಇದನ್ನ ಎತ್ತಬಹುದಂತೆ. ನಾನು ಡಾಕ್ಟ್ರನ್ನ ಕೇಳಿದೀನಿ."