ಗಾಯವಿಲ್ಲದ ಕೆನ್ನೆ

ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ, ಸಂಕಲನಕಾರನ ಬೆರಳಿನ ಕೆಳಗೆ ಗುಂಡಿ ಟಕ್ ಟಕ್ ಎನ್ನುತ್ತಿದೆ, ಪರದೆಯ ಮೇಲೆ ತರುಣನ ಮುಖ ಕರಗಿ ಮುದುಕನ ಮುಖವಾಗುತ್ತಿದೆ, ನಲವತ್ತು ವರ್ಷ ಎರಡೇ ಸೆಕೆಂಡಿನಲ್ಲಿ ದಾಟಿತು, ಪರವಾಗಿಲ್ಲ, ಹುಬ್ಬಿಗೆ ಹುಬ್ಬು ಕೂತಿದೆ, ಮೂಗಿಗೆ ಮೂಗು — ಆದರೆ ಗಾಯ? ತರುಣನ ಎಡಗೆನ್ನೆಯ ಮೇಲಿದ್ದ ಸುಟ್ಟ ಗಾಯ ಎದ್ದು ನಡೆದುಹೋಗಿ ಮುದುಕನ ಬಲಗೆನ್ನೆಯ ಮೇಲೆ ಕೂತಿತಲ್ಲ, ಇವನೇ ಚಿತ್ರವನ್ನು ಮಗುಚಿ ಹಾಕಿರಬೇಕು, ಇವನದು ಯಾವಾಗಲೂ ಅವಸರ, ಅನ್ನುವಷ್ಟರಲ್ಲಿ ಅವನೇ ತಿರುಗಿ ನೋಡಿದ, ಇದೇನಿದು ನೆನಪಕ್ಕ, ನಾನೇನೂ ತಿರುಗಿಸಿಲ್ಲ, ಬಂದಿದ್ದೇ ಹೀಗೆ. ಹಿಂದೆ ಕೂತಿದ್ದ ಅವಳು ಪರದೆಯ ಕಡೆ ಬಾಗಿದಳು. ನೆನಪಕ್ಕ. ತಂಡದವರು ಇಟ್ಟ ಹೆಸರು. ಯಾವ ದೃಶ್ಯದಲ್ಲಿ ಯಾರ ಯಾವ ಗುಂಡಿ ಬಿಚ್ಚಿತ್ತು, ದೀಪದ ಎಣ್ಣೆ ಎಷ್ಟು ಇಳಿದಿತ್ತು, ಎಲ್ಲ ಬರೆದಿಟ್ಟುಕೊಂಡು ಇಂದಿನದನ್ನು ನಿನ್ನೆಯದಕ್ಕೆ ಹೊಂದಿಸಿ ನೋಡುವುದೇ ಅವಳ ಕೆಲಸ, ಇಪ್ಪತ್ತೆರಡು ವರ್ಷದಿಂದ, ಒಂದು ತಪ್ಪಿಲ್ಲದೆ. ಒಂಬೈನೂರು ಪುಟದ ಕಾದಂಬರಿ, ಮೊದಲು ಐದು ಚಿತ್ರ ಎಂದರು, ಆಮೇಲೆ ಮೂರು ಎಂದರು, ಮೂರನ್ನೂ ಒಟ್ಟಿಗೇ ತೆಗೆಯುವುದೆಂದರು, ಕಥೆಯ ಬೆಂಕಿಹಕ್ಕಿಯ ಗೊಂಬೆಗೆ ಅರವತ್ತು ತಂತಿ ಕಟ್ಟಿದರೂ ಅದು ಒಂದು ರೆಕ್ಕೆ ಮಾತ್ರ ಬಡಿದು ಎಲ್ಲರ ಮಾನ ಕಳೆಯಿತು, ಅದನ್ನೆಲ್ಲ ಸಹಿಸಿದ್ದಾಯಿತು, ಈಗ ಇದು. ಕಾದಂಬರಿಯ ಸಾಲು ಅವಳಿಗೆ ಬಾಯಿಪಾಠ, ಹಕ್ಕಿ ಅವನ ಎಡಗೆನ್ನೆಯನ್ನು ಸೋಕಿತು, ಎಡಗೆನ್ನೆ, ಏಳು ಸಲ ಓದಿದ್ದಾಳೆ. ಹಾಗಾದರೆ ಹನ್ನೊಂದು ದಿನ ಮುದುಕನ ಪಾತ್ರದ ಅಜ್ಜನ ಎದುರು ಕೂತು ಅವಳು ನೋಡಿದ್ದೇನು — ಎಡವನ್ನೇ ನೋಡಿದಳು, ತನ್ನ ಎಡವನ್ನು, ಎದುರಿಗೆ ಕೂತವಳ ಎಡ, ಅಜ್ಜನ ಬಲ.

ಅಜ್ಜನನ್ನು ಕರೆದು ಮತ್ತೊಮ್ಮೆ ತೆಗೆಯೋಣವೇ ಎಂದು ಮನಸ್ಸು ಒಂದು ಕ್ಷಣ ಓಡಿತು, ಆಮೇಲೆ ನೆನಪಾಯಿತು, ಅಜ್ಜ ಇಲ್ಲ. ಬಾಗಿಲು ಕಾಯುವವನ ಪಾತ್ರ ಮಾಡಿದ ಮುದಿ ನಟ, ಉಸಿರಾಟದ ತೊಂದರೆ, ಮೊದಲು ನನ್ನ ಸಾವು ಮುಗಿಸಿಬಿಡಿ ಮಾರಾಯ್ರೇ, ಆಮೇಲೆ ನಿಮ್ಮ ಯುದ್ಧ ಎಷ್ಟು ದಿನ ಬೇಕಾದರೂ ಮಾಡಿಕೊಳ್ಳಿ ಎಂದು ನಗಾಡಿದ್ದರು, ಅದಕ್ಕೇ ಮೂರನೆಯ ಚಿತ್ರದ ಕೊನೆಯನ್ನು ಎಲ್ಲಕ್ಕಿಂತ ಮೊದಲು ತೆಗೆದದ್ದು, ಮುಗಿಸಿ ಮನೆಗೆ ಹೋದವರು ಒಂದು ತಿಂಗಳೂ ಉಳಿಯಲಿಲ್ಲ. ಎಡಗೈಲಿ ಊಟ ಮಾಡೋನಿಗೂ ಎಡ ಯಾವುದು ಗೊತ್ತಿರುತ್ತೆ ಕಣಯ್ಯಾ — ನಿರ್ದೇಶಕ ಬಂದಾಯಿತು, ಬಾಗಿಲ ಬಳಿ ನಿಂತ ಪ್ರಸಾಧನದವನ ಮೇಲೆ ಹಾರಿಬಿದ್ದಾಯಿತು, ಪ್ರಸಾಧನದವನೆಂದರೆ ಅವಳ ಮೈದುನ, ಅವಳೇ ಹೇಳಿ ಸೇರಿಸಿದವನು, ತಲೆ ತಗ್ಗಿಸಿ ನಿಂತಿದ್ದಾನೆ, ತಪ್ಪಾಯ್ತು ಸಾರ್ ಎನ್ನುತ್ತಿದ್ದಾನೆ, ಅವನು ತಪ್ಪಾಯಿತು ಎನ್ನುವುದೇಕೆ, ಅವನಿಗೆ ಗೊತ್ತು, ಗೊತ್ತಿದ್ದೂ ಅತ್ತಿಗೆಯ ಕಡೆ ಕಣ್ಣೆತ್ತಿ ನೋಡುತ್ತಿಲ್ಲ. ಮೇಕಪ್ ಪರೀಕ್ಷೆಯ ದಿನ ಅಜ್ಜನಿಗೆ ಗಾಯ ಅಂಟಿಸಿದ್ದು ಹಿರಿಯ ಪ್ರಸಾಧಕಿ, ಸರಿಯಾಗಿ, ಎಡಕ್ಕೇ. ಇವಳ ಕ್ಯಾಮೆರಾದಲ್ಲಿ ಅಂದು ಚಾರ್ಜ್ ಇರಲಿಲ್ಲ, ಅಜ್ಜ ತಮ್ಮ ಫೋನು ಚಾಚಿ, ಮೊಮ್ಮಗಳಿಗೆ ತೋರಿಸಿ ಹೆದರಿಸೋಣ ಅಂತ ನಾನೇ ಒಂದು ತೆಗೆದುಕೊಂಡಿದ್ದೇನೆ, ಸಾಕಾದರೆ ಇಟ್ಟುಕೋಮ್ಮ ಎಂದರು, ಸಾಕು ಅಜ್ಜ, ಎಂದಳು. ಫೋನಿನ ಮುಂದಿನ ಕಣ್ಣು ಕನ್ನಡಿಯಿದ್ದ ಹಾಗೆ, ಎಡವನ್ನು ಬಲ ಮಾಡುತ್ತದೆ, ಯಾವ ಮಗುವಿಗೂ ಗೊತ್ತಿರುವ ಸಂಗತಿ. ಇದೇ ಅಂತಿಮ ಎಂದು ಬರೆದು ಅದನ್ನು ಮೈದುನನಿಗೆ ಕಳಿಸಿದಳು, ಹಿರಿಯ ಪ್ರಸಾಧಕಿ ತರುಣನ ದೃಶ್ಯಗಳಿಗೆಂದು ಎರಡನೆಯ ತಂಡದ ಜೊತೆ ಬೇರೆ ಊರಿಗೆ ಹೋದಳು, ಅಲ್ಲಿ ಎಡಕ್ಕೆ ಅಂಟಿಸಿದಳು, ಇಲ್ಲಿ ಮೈದುನ ಫೋಟೊ ನೋಡಿ ನೋಡಿ ಬಲಕ್ಕೆ ಅಂಟಿಸಿದ, ಇವಳು ಅದೇ ಫೋಟೊ ಹಿಡಿದು ದಿನವೂ ಸರಿ ಹಾಕಿದಳು, ಸರಿ, ಸರಿ, ಹನ್ನೊಂದು ಸರಿ.

ಗ್ರಾಫಿಕ್ಸ್‌ನವರು ಗಾಯ ಎತ್ತಿ ಆ ಕಡೆ ಇಡಲ್ವಾ, ಎನ್ನುತ್ತಿದ್ದಾನೆ ನಿರ್ದೇಶಕ. ಗಾಯ ಎತ್ತಿಡಬಹುದು ಸಾರ್, ಹುಡುಗಿಯ ಕೈ? ಸಂಕಲನಕಾರ ಹೇಳುವುದೂ ನಿಜ, ಕಥೆಯೆಲ್ಲ ನಿಂತಿರುವುದೇ ಆ ಒಂದು ಕೈಯ ಮೇಲೆ, ಹುಡುಗಿ ಅಂಗೈಯನ್ನು ಗಾಯದ ಮೇಲಿಟ್ಟಾಗ ಗಾಯ ಬೆಳಗಿ ಬಾಗಿಲು ತೆರೆಯುತ್ತದೆ, ಅಕ್ಕ ಯಾವ ಕೆನ್ನೆ ಎಂದು ಆ ಮಗು ಕೇಳಿತ್ತು, ಗಾಯ ಇರೋ ಕೆನ್ನೆ ಪುಟ್ಟಿ ಎಂದು ಇವಳೇ ಹೇಳಿದ್ದು, ದೃಶ್ಯವನ್ನೇ ಪೂರ್ತಿ ಮಗುಚಿದರೆ ಬಾಗಿಲ ಮೇಲೆ ಕೆತ್ತಿದ ಅಕ್ಷರಗಳೂ ಮಗುಚಿಕೊಳ್ಳುತ್ತವೆ. ಮೊದಲ ದಿನ ಬೆಳಿಗ್ಗೆ — ಬೇಡ, ಅದು ಬೇಡ, ಆದರೆ ಬಂತು — ಮೊದಲ ದಿನ ಬೆಳಿಗ್ಗೆ ಅಜ್ಜ ಕುರ್ಚಿಯಲ್ಲಿ ಕೂತು ಎರಡು ಬೆರಳಿನಿಂದ ತಮ್ಮ ಎಡಗೆನ್ನೆ ಮುಟ್ಟಿಕೊಂಡು, ಅಲ್ಲಮ್ಮಾ, ನಿನ್ನೆ ಈ ಕಡೆ ಅಂಟಿಸಿದ ಹಾಗಿತ್ತಲ್ಲ, ಎಂದಿದ್ದರು. ಅವಳು ನಕ್ಕಿದ್ದಳು. ಇಲ್ಲ ಅಜ್ಜ, ನಿಮಗೆ ಮರೆತುಹೋಗಿದೆ, ನೀವೇ ತೆಗೆದ ಫೋಟೊ ನೋಡಿ. ಅಜ್ಜ ತುಂಬ ಹೊತ್ತು ಫೋಟೊ ನೋಡಿದರು. ಹೌದಲ್ವಾ, ನೀನು ಹೇಳಿದ ಮೇಲೆ ಮುಗಿಯಿತು ಬಿಡು, ವಯಸ್ಸಾಯ್ತು ನೋಡು. ಐವತ್ತು ವರ್ಷ ಚೀಟಿ ಮುಟ್ಟದೆ ಮಾತು ಒಪ್ಪಿಸಿದ ಮನುಷ್ಯ ಮರುದಿನದಿಂದ ಅಂಗಿಯ ತೋಳಿನಲ್ಲಿ ಚೀಟಿ ಇಟ್ಟುಕೊಂಡು ಬಂದರು, ಪ್ರತಿ ಸಾಲನ್ನೂ ಎರಡೆರಡು ಸಲ ಕೇಳಿದರು, ಇದೇ ತಾನೇ, ಇದೇ ತಾನೇ, ಅವಳು ಬೇಸರವಿಲ್ಲದೆ ಹೇಳಿಕೊಟ್ಟಳು, ಎಷ್ಟು ತಾಳ್ಮೆಯ ಹೆಂಗಸು ಎಂದು ತನಗೆ ತಾನೇ ಬೆನ್ನು ತಟ್ಟಿಕೊಂಡಳು. ಅಜ್ಜ ಹೋದ ಮೇಲೆ ಅವರ ಮಗಳು ಹೇಳಿದಳಲ್ಲ, ಕೊನೆಗೆ ಅಪ್ಪ ಮೊಮ್ಮಗಳ ಹತ್ತಿರವೂ ಮಾತಾಡ್ತಿರಲಿಲ್ಲ, ನಂಗೆ ಮರೆವು ಶುರುವಾಗಿದೆ, ಏನಾದ್ರೂ ತಪ್ಪು ಹೇಳಿ ನಗೆಪಾಟಲಾಗ್ತೀನಿ ಅಂತ ಸುಮ್ನೆ ಕೂತಿರ್ತಿದ್ರು, ಇವಳು ಅಯ್ಯೋ ಪಾಪ ಎಂದಿದ್ದಳು, ಬಾಯಿ ತುಂಬ, ಅಯ್ಯೋ ಪಾಪ.

ನಾಳೆಯಿಂದ ನೀನು ಬರಬೇಡ, ಎಂದ ನಿರ್ದೇಶಕ ಮೈದುನನಿಗೆ, ಮೈದುನ ಆಗಲಿ ಸಾರ್ ಎಂದ, ಅವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ, ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿಸಿತು, ಆ ಫೋಟೊ ಕೊಟ್ಟಿದ್ದು ನಾನು ಸಾರ್, ಅವನದೇನೂ ತಪ್ಪಿಲ್ಲ, ಅತ್ತಿಗೇ ನೀವು ಸುಮ್ನಿರಿ, ಇಲ್ಲ ನಾನು ಕೊಟ್ಟಿದ್ದು, ನಾನೇ ಸರಿ ಹಾಕಿದ್ದು. ನಿರ್ದೇಶಕ ಬಾಯಿ ಬಿಟ್ಟು ನೋಡುತ್ತಿದ್ದಾನೆ. ನೀವಾ? ನೆನಪಕ್ಕ ಮರೆಯೋದಾ? ಮರೆತದ್ದಲ್ಲ, ಅಜ್ಜ ಹೇಳಿದ್ದರು, ಹೇಳಿದವರನ್ನೇ ಮರೆವಿನವರನ್ನಾಗಿ ಮಾಡಿದೆ — ಅದನ್ನು ಹೇಳಬೇಕು, ಸಂಕಲನಕಾರನ ಬೆರಳು ಗುಂಡಿಯಿಂದ ಎದ್ದಿದೆ, ಪರದೆಯ ಮೇಲೆ ಕ್ಲ್ಯಾಪ್ ಬಡಿಯುವ ಮೊದಲಿನ ತುಣುಕು ತಾನಾಗಿ ಓಡುತ್ತಿದೆ, ಬೇಡದ ಭಾಗ, ಅವಳೇ ಅಂದು ಟಿಪ್ಪಣಿಯಲ್ಲಿ ಬರೆದದ್ದು, ಕೆನ್ನೆ ಮುಟ್ಟಿಕೊಳ್ಳುವ ಅಭ್ಯಾಸ, ತಪ್ಪಿಸಬೇಕು, ಅಜ್ಜ ಅಲ್ಲಿ ಕೂತಿದ್ದಾರೆ, ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದಾರೆ, ಎರಡು ಬೆರಳು ಎಡಗೆನ್ನೆಗೆ ಹೋಗುತ್ತವೆ, ಅಲ್ಲಿ ಏನೂ ಇಲ್ಲ, ಬೆರಳು ಹುಡುಕುತ್ತವೆ, ಎರಡನೆಯ ಸಲವೂ ಹೋಗುತ್ತವೆ, ಮೂರನೆಯ ಸಲವೂ, ಬರಿಯ ಕೆನ್ನೆ, ಎರಡು ಬೆರಳು, ಬರಿಯ ಕೆನ್ನೆ